ಕಾರಿನ ಆಪದ್ಧನ

1888ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ, ಪತಿ ಕಾರ್ಲ್ ಬೆಂಜ್ ನಿರ್ಮಿಸಿದ್ದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ ತನ್ನ ಇಬ್ಬರು ಗಂಡುಮಕ್ಕಳನ್ನು ಕುಳ್ಳಿರಿಸಿಕೊಂಡು, ಅವನಿಗೂ ಮುಂಚಿತವಾಗಿ ತಿಳಿಸದೆ, ಜರ್ಮನಿಯ ಮಾನ್‌ಹೈಮ್ ನಗರದಿಂದ ತನ್ನ ತವರೂರಾದ ಫೋರ್ಟ್ಸ್‌ಹೈಮ್‌ಗೆ ಹೊರಟ ಬರ್ತಾ ಬೆಂಜ್ ಎಂಬ ಧೀರ ಮಹಿಳೆ, ನೂರು ಕಿಲೋಮೀಟರಿಗೂ ಮಿಕ್ಕ ಆ ದಾರಿಯನ್ನು ಕತ್ತಲಾಗುವ ಹೊತ್ತಿಗೆ ಕ್ರಮಿಸಿ ಮುಗಿಸಿದಳು. ಮೋಟಾರು ಗಾಡಿಯ ಚರಿತ್ರೆಯಲ್ಲಿ ಅದೇ ಮೊದಲನೆಯ ದೂರಪ್ರಯಾಣ. ಮಾರ್ಗಮಧ್ಯದಲ್ಲಿ ಇಂಧನದ ನಳಿಕೆ ಕಟ್ಟಿಕೊಂಡಾಗ ಆಕೆ ಟೋಪಿಗೆ ಸಿಕ್ಕಿಸುವ ಉದ್ದನೆಯ ಪಿನ್ನಿನಿಂದ ಅದನ್ನು ಬಿಡಿಸಿದಳೆಂದೂ, ವಿದ್ಯುತ್ ತಂತಿಯ ಹೊದಿಕೆ ಸವೆದುಹೋದಾಗ ಕಾಲುಚೀಲವನ್ನು ಬಿಗಿಯುವ ಪಟ್ಟಿಯನ್ನೇ ಅದಕ್ಕೆ ಸುತ್ತಿದಳೆಂದೂ, ಇಂಧನ ತೀರಿದಾಗ ವೀಸ್‌ಲೋಖ್ ಎಂಬ ಊರಿನ ಔಷಧದಂಗಡಿಯಲ್ಲಿ ಅದನ್ನು ಕೊಂಡಳೆಂದೂ ಹೇಳುತ್ತಾರೆ. ಆಕೆಯ ಬಳಿ ವಿಶೇಷವಾದ ಉಪಕರಣಗಳೇನೂ ಇರಲಿಲ್ಲ. ಕೆಟ್ಟುದು ಯಾವುದು, ಕೆಟ್ಟುದಕ್ಕೆ ಕಾರಣವೇನು ಎಂಬ ಅರಿವು ಮಾತ್ರ ಇದ್ದಿತು.

ಇಂದಿನ ಕಾರು ಆ ಗಾಡಿಯಂತೆ ಸರಳವಾದುದಲ್ಲ. ಅದರ ಎಂಜಿನ್ನನ್ನು ಆಳುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ರಸ್ತೆಯ ಬದಿಯಲ್ಲಿ ಬಿಚ್ಚಿ ಸರಿಪಡಿಸುವುದು ನುರಿತ ಮೆಕ್ಯಾನಿಕ್‌ಗೂ ಸುಲಭಸಾಧ್ಯವಲ್ಲ. ಆದುದರಿಂದ ಆಪತ್ಕಾಲಕ್ಕೆಂದು ಕಾರಿನಲ್ಲಿ ಇಡತಕ್ಕ ಪೆಟ್ಟಿಗೆಯು ಒಂದು ಗ್ಯಾರೇಜಿನ ಕಿರುರೂಪವಾಗಬೇಕಾಗಿಲ್ಲ, ಆಗಲೂ ಕೂಡದು. ಅದರೊಳಗೆ ಸೇರಬೇಕಾದ ಪ್ರತಿಯೊಂದು ವಸ್ತುವನ್ನೂ ಎರಡು ಪ್ರಶ್ನೆಗಳಿಂದ ಪರೀಕ್ಷಿಸಬಹುದು: ಇದು ಪ್ರಾಣವನ್ನು ಕಾಯುತ್ತದೆಯೇ? ಅಲ್ಲವಾದರೆ, ಸಾಮಾನ್ಯ ಮನುಷ್ಯನೊಬ್ಬನು ಅರ್ಧ ಗಂಟೆಯೊಳಗೆ, ಪರರ ಸಹಾಯವಿಲ್ಲದೆ, ಇದರಿಂದ ಕಾರನ್ನು ಮತ್ತೆ ಚಲಿಸುವಂತೆ ಮಾಡಬಲ್ಲನೇ? ಈ ಎರಡಕ್ಕೂ ಇಲ್ಲವೆಂಬ ಉತ್ತರ ಬಂದರೆ ಆ ವಸ್ತು ಎಷ್ಟೇ ಆಕರ್ಷಕವಾಗಿದ್ದರೂ ಅಂಗಡಿಯಲ್ಲಿಯೇ ಉಳಿಯಲಿ.

ಪ್ರಾಣದ ವಿಚಾರವನ್ನು ಮೊದಲು ನೋಡೋಣ. ಕೆಟ್ಟು ನಿಂತ ಕಾರಿನಿಂದ ಒದಗುವ ಅಪಾಯಗಳಲ್ಲಿ ಅತ್ಯಂತ ಭೀಕರವಾದುದು ಕಾರಿನೊಳಗಿನಿಂದ ಬರುವುದಲ್ಲ. ಹಿಂದಿನಿಂದ ವೇಗವಾಗಿ ಬರುತ್ತಿರುವ ಇನ್ನೊಂದು ವಾಹನದಿಂದ ಬರುವುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ವಾಹನವು ಒಂದು ಸೆಕೆಂಡಿನಲ್ಲಿ 22 ಮೀಟರಿಗಿಂತಲೂ ತುಸು ಹೆಚ್ಚು ದೂರ ಸಾಗುತ್ತದೆ. ಎದುರಿಗಿರುವ ತಡೆಯನ್ನು ಕಂಡು, ಅದನ್ನು ತಡೆಯೆಂದು ಗ್ರಹಿಸಿ, ಬ್ರೇಕನ್ನು ಒತ್ತುವುದಕ್ಕೆ ಚಾಲಕನಿಗೆ ಒಂದೂವರೆ ಸೆಕೆಂಡು ಬೇಕೆಂದಿಟ್ಟುಕೊಂಡರೆ, ಬ್ರೇಕು ಹಿಡಿಯುವ ಮುನ್ನವೇ ಅವನು 33 ಮೀಟರ್ ದೂರ ಬಂದಿರುತ್ತಾನೆ. ಆ ಬಳಿಕ ಒಣ ರಸ್ತೆಯಲ್ಲಿ ಇನ್ನೂ ಸುಮಾರು 35 ಮೀಟರ್, ಮಳೆಯಲ್ಲಿ ತೊಯ್ದ ರಸ್ತೆಯಲ್ಲಿ ಸುಮಾರು 60 ಮೀಟರ್ ಸಾಗಿಯೇ ವಾಹನ ನಿಲ್ಲುತ್ತದೆ. ಎಂದರೆ ಎಚ್ಚರಿಕೆಯ ಚಿಹ್ನೆ ಅವನ ಕಣ್ಣಿಗೆ ಬೀಳಬೇಕಾದುದು ನಮ್ಮ ಕಾರಿಗಿಂತ 70ರಿಂದ 100 ಮೀಟರ್ ಹಿಂದೆ. ಆದುದರಿಂದ ಪೆಟ್ಟಿಗೆಯಲ್ಲಿ ಅಗ್ರಸ್ಥಾನಕ್ಕೆ ಅರ್ಹವಾದುದು ಸ್ಪಾನರೂ ಅಲ್ಲ, ಜಾಕಿಯೂ ಅಲ್ಲ. ಮಡಚಿಡಬಹುದಾದ ಕೆಂಪು ಪ್ರತಿಫಲಕ ತ್ರಿಕೋನ ಮತ್ತು ಮೈಮೇಲೆ ಧರಿಸುವ ಹೊಳೆಯುವ ಪಟ್ಟಿಗಳುಳ್ಳ ಅಂಗಿ.

ಈ ತ್ರಿಕೋನದ ಹೊಳಪಿನಲ್ಲಿ ಸೊಗಸಾದ ಭೌತವಿಜ್ಞಾನ ಅಡಗಿದೆ. ಸಾಮಾನ್ಯ ಕನ್ನಡಿಯು ತನ್ನ ಮೇಲೆ ಓರೆಯಾಗಿ ಬಿದ್ದ ಬೆಳಕನ್ನು ಇನ್ನೊಂದು ದಿಕ್ಕಿಗೆ ಚೆಲ್ಲಿಬಿಡುತ್ತದೆ. ಬಿಳಿಯ ಗೋಡೆಯಾದರೋ ಅದನ್ನು ಎಲ್ಲ ಕಡೆಗೂ ಚದುರಿಸುತ್ತದೆ. ಆದರೆ ಒಂದಕ್ಕೊಂದು ಲಂಬವಾಗಿರುವ ಮೂರು ಸಮತಲಗಳು ಕೂಡಿದ ಮೂಲೆಯೊಳಕ್ಕೆ ಬಿದ್ದ ಕಿರಣವು, ಮೂರು ಸಮತಲಗಳಿಂದಲೂ ಕ್ರಮವಾಗಿ ಪ್ರತಿಫಲಿಸಿ, ಬಂದ ದಿಕ್ಕಿಗೇ ಹಿಂದಿರುಗುತ್ತದೆ. ಇಂಥ ಸಾವಿರಾರು ಕಿರುಮೂಲೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತಿದರೆ, ದೂರದ ಲಾರಿಯ ದೀಪದಿಂದ ಹೊರಟ ಬೆಳಕು ಅಲ್ಲಿಲ್ಲಿ ವ್ಯರ್ಥವಾಗದೆ ಆ ಲಾರಿಯ ಚಾಲಕನ ಕಣ್ಣಿನ ಕಡೆಗೇ ಮರಳುತ್ತದೆ. 1969ರ ಜುಲೈ ತಿಂಗಳಿನಲ್ಲಿ ಅಪೋಲೊ 11ರ ಯಾತ್ರಿಕರು ಚಂದ್ರನ ನೆಲದ ಮೇಲೆ ಇರಿಸಿ ಬಂದ ಪ್ರತಿಫಲಕದಲ್ಲಿರುವುದೂ ಇದೇ ತತ್ತ್ವ. ಭೂಮಿಯಿಂದ ಕಳುಹಿದ ಲೇಸರ್ ಕಿರಣವನ್ನು ಅದು ಇಂದಿಗೂ ಹಿಂದಕ್ಕೆ ಕಳುಹುತ್ತಿದೆ. ಶಿರಾಡಿ ಅಥವಾ ಚಾರ್ಮಾಡಿ ಘಾಟಿಯಂಥ ತಿರುವುಗಳ ದಾರಿಯಲ್ಲಿ ಕಾರು ನಿಂತಿತೆಂದರೆ, ದೂರವನ್ನು ಎಣಿಸುವುದಷ್ಟೇ ಸಾಲದು. ತಿರುವಿನ ಆಚೆಗೆ, ಬರುವವನಿಗೆ ತಿರುಗುವ ಮುನ್ನವೇ ಕಾಣುವಂತೆ ತ್ರಿಕೋನವನ್ನು ಇಡಬೇಕು. ಅದನ್ನು ಇಡಲು ನಡೆಯುವಾಗ ಎದೆಯ ಮುಂದೆ ಎತ್ತಿ ಹಿಡಿದುಕೊಂಡು, ಬರುವ ವಾಹನಗಳಿಗೆ ಮುಖಮಾಡಿ, ರಸ್ತೆಯ ಅಂಚಿನಲ್ಲಿಯೇ ನಡೆಯತಕ್ಕದ್ದು. ಉಳಿದ ಪ್ರಯಾಣಿಕರು ಕಾರಿನೊಳಗೆ ಕುಳಿತಿರದೆ ರಸ್ತೆಯಿಂದ ದೂರ ಸರಿದು ನಿಲ್ಲಲಿ.

ಇನ್ನು ಚಕ್ರದ ವಿಚಾರ. ಗಾಳಿ ಹೋದ ಚಕ್ರವನ್ನು ಬಿಚ್ಚಲು ಕಾರಿನೊಡನೆ ಬರುವ ಚಿಕ್ಕ ಸ್ಪಾನರು ಅನೇಕರಿಗೆ ಸಾಲದೆ ಹೋಗುತ್ತದೆ; ಅದಕ್ಕೆ ಕಾರಣ ಅವರ ದೌರ್ಬಲ್ಯವಲ್ಲ, ಸನ್ನೆಯ ನಿಯಮ. ಸಾಧಾರಣ ಕಾರಿನ ಚಕ್ರದ ನಟ್ಟನ್ನು ಸುಮಾರು 100 ನ್ಯೂಟನ್-ಮೀಟರಿನಷ್ಟು ತಿರುಚುಬಲದಿಂದ ಬಿಗಿದಿರುತ್ತಾರೆ. ಹಿಡಿಕೆಯ ಉದ್ದ 25 ಸೆಂಟಿಮೀಟರ್ ಆಗಿದ್ದರೆ ಅದರ ತುದಿಯಲ್ಲಿ 40 ಕಿಲೋ ತೂಕದಷ್ಟು ಒತ್ತಬೇಕು. 50 ಸೆಂಟಿಮೀಟರ್ ಆಗಿದ್ದರೆ 20 ಕಿಲೋ ಸಾಕು. ತುಕ್ಕು ಹಿಡಿದಿದ್ದರೆ, ಇಲ್ಲವೇ ಪಂಕ್ಚರ್ ಅಂಗಡಿಯಲ್ಲಿ ಗಾಳಿಯ ಯಂತ್ರದಿಂದ ಅತಿಯಾಗಿ ಬಿಗಿದಿದ್ದರೆ, ಬೇಕಾಗುವ ಬಲ ಇಮ್ಮಡಿಯಾದರೂ ಆಶ್ಚರ್ಯವಿಲ್ಲ. ಹಿಡಿಕೆಯನ್ನು ಎಳೆದು ಉದ್ದ ಮಾಡಬಹುದಾದ ಸ್ಪಾನರೊಂದು ಈ ಕಾರಣದಿಂದಲೇ ಪೆಟ್ಟಿಗೆಯಲ್ಲಿ ಸ್ಥಾನ ಪಡೆಯುತ್ತದೆ. ವೃದ್ಧರೂ ಕೃಶಕಾಯರೂ ಅದರಿಂದ ನಟ್ಟನ್ನು ಸಡಿಲಿಸಬಲ್ಲರು. ಸಡಿಲಿಸುವ ಕೆಲಸವನ್ನು ಚಕ್ರವು ನೆಲದ ಮೇಲಿರುವಾಗಲೇ ಮಾಡಬೇಕು. ಮೇಲೆತ್ತಿದ ಬಳಿಕ ಚಕ್ರವೇ ತಿರುಗತೊಡಗುತ್ತದೆ, ಬಲವಾಗಿ ಎಳೆದರೆ ಕಾರು ಜಾಕಿಯಿಂದ ಜಾರುತ್ತದೆ.

ಕತ್ತರಿಯಾಕಾರದ ಜಾಕಿಯು ಸನ್ನೆಗಳನ್ನೂ ತಿರುಪನ್ನೂ ಕೂಡಿಸಿ ಮಾಡಿದ ಯಂತ್ರ. ಒಂದು ಚಕ್ರದ ಮೇಲಿರುವ ಸುಮಾರು 300 ಕಿಲೋ ಭಾರವನ್ನು ನಾವು ಒಂದೇ ಕೈಯಿಂದ ಎತ್ತಬಲ್ಲೆವೆಂದರೆ, ಹಿಡಿಕೆಯ ಅನೇಕ ಸುತ್ತುಗಳ ದೀರ್ಘವಾದ ಚಲನೆಯನ್ನು ತೆತ್ತು ಕೆಲವೇ ಅಂಗುಲಗಳ ಏರಿಕೆಯನ್ನು ಕೊಳ್ಳುತ್ತೇವೆ ಎಂದೇ ಅರ್ಥ. ಈ ವ್ಯವಹಾರದಲ್ಲಿ ನಾವು ಪಟ್ಟ ಶ್ರಮದ ಬಹುಪಾಲು ತಿರುಪಿನ ಘರ್ಷಣೆಯಲ್ಲಿ ನಷ್ಟವಾಗುತ್ತದೆ. ಆದರೆ ಆ ನಷ್ಟವೇ ನಮಗೆ ರಕ್ಷಣೆ, ಏಕೆಂದರೆ ಘರ್ಷಣೆ ಇಲ್ಲದಿದ್ದಲ್ಲಿ ನಾವು ಕೈಬಿಟ್ಟೊಡನೆ ಕಾರಿನ ಭಾರವು ತಿರುಪನ್ನು ಹಿಂದಕ್ಕೆ ತಿರುಗಿಸಿ ಕೆಳಗಿಳಿಯುತ್ತಿತ್ತು. ಆದರೂ ಈ ರಕ್ಷಣೆ ಲಂಬವಾದ ಭಾರಕ್ಕೆ ಮಾತ್ರ. ಪಕ್ಕಕ್ಕೆ ತಳ್ಳುವ ಬಲವನ್ನು ಜಾಕಿ ತಡೆಯಲಾರದು. ಆದುದರಿಂದ ಸಮತಟ್ಟಾದ ನೆಲ, ಹ್ಯಾಂಡ್‌ಬ್ರೇಕ್ ಮತ್ತು ಕರ್ಣರೇಖೆಯಲ್ಲಿ ಎದುರಾಗುವ ಚಕ್ರಕ್ಕೆ ಕೊಡುವ ಎರಡು ಮರದ ಬೆಣೆಗಳು ಅನಿವಾರ್ಯ. ಜಾಕಿಯೊಂದರ ಮೇಲೆ ನಿಂತ ಕಾರಿನ ಕೆಳಗೆ ದೇಹದ ಯಾವ ಭಾಗವನ್ನೂ ಒಡ್ಡಬಾರದು.

2020ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳಂತೆ, ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡವನ್ನು ತಿಳಿಸುವ ವ್ಯವಸ್ಥೆ ಮತ್ತು ಪಂಕ್ಚರ್ ದುರಸ್ತಿಯ ಸಾಮಗ್ರಿ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಅಂಥ ಕಾರುಳ್ಳವರಿಗಂತೂ ರಬ್ಬರಿನ ಬತ್ತಿ, ಅದನ್ನು ಒಳಸೇರಿಸುವ ಸೂಜಿ ಮತ್ತು ವಿದ್ಯುತ್ತಿನಿಂದ ನಡೆಯುವ ಪುಟ್ಟ ಗಾಳಿಪಂಪು ಇರಲೇಬೇಕು. ಬತ್ತಿಯಿಂದ ಮುಚ್ಚಬಹುದಾದುದು ನೆಲಕ್ಕೆ ತಾಗುವ ಭಾಗದ ರಂಧ್ರವನ್ನು ಮಾತ್ರ. ಟೈರಿನ ಪಕ್ಕದ ಭಿತ್ತಿ ಪ್ರತಿ ಸುತ್ತಿಗೂ ಬಾಗುವುದರಿಂದ ಅಲ್ಲಿ ಹಾಕಿದ ಬತ್ತಿ ನಿಲ್ಲದು. ಪಂಪು ಎಷ್ಟು ಹೊತ್ತು ನಡೆಯಬೇಕೆಂಬುದನ್ನೂ ಲೆಕ್ಕ ಹಾಕಬಹುದು: ಟೈರಿನೊಳಗೆ ಸುಮಾರು 30 ಲೀಟರ್ ಅವಕಾಶವಿದ್ದು, ಅದನ್ನು 33 ಪಿಎಸ್‌ಐ ಒತ್ತಡಕ್ಕೆ ತರಬೇಕಾದರೆ ಹೊರಗಿನ ಗಾಳಿಯನ್ನು ಇನ್ನೂ 65 ಲೀಟರಿನಷ್ಟು ಒಳತುಂಬಬೇಕು, ನಿಮಿಷಕ್ಕೆ 15 ಲೀಟರ್ ಕೊಡುವ ಪಂಪಿಗೆ ಐದು ನಿಮಿಷಗಳೊಳಗಿನ ಕೆಲಸ. ಸಂಕುಚಿತವಾದ ಗಾಳಿ ಬಿಸಿಯಾಗುವುದರಿಂದ ಪಂಪೂ ಕಾಯುತ್ತದೆ. ನಡುವೆ ಅದಕ್ಕೆ ವಿಶ್ರಾಂತಿ ಕೊಡತಕ್ಕದ್ದು.

ಮೂರನೆಯದು ವಿದ್ಯುತ್ತು. 12 ವೋಲ್ಟಿನ ಸೀಸದ ಬ್ಯಾಟರಿಯಲ್ಲಿ ತಲಾ ಎರಡು ವೋಲ್ಟಿಗೆ ಕೊಂಚ ಮಿಕ್ಕ ಆರು ಕೋಶಗಳಿರುತ್ತವೆ. ಇದರ ಮೂಲರೂಪವನ್ನು 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ರಚಿಸಿದನು. ಎಂಜಿನ್ನನ್ನು ಚಾಲೂ ಮಾಡುವ ಕ್ಷಣದಲ್ಲಿ ಸ್ಟಾರ್ಟರ್ ಮೋಟಾರು 200 ಆಂಪಿಯರಿನಷ್ಟು ಪ್ರವಾಹವನ್ನು ಎಳೆಯಬಹುದು. ಬತ್ತಿದ ಬ್ಯಾಟರಿಗೆ ಬೇರೊಂದು ಕಾರಿನಿಂದ ವಿದ್ಯುತ್ತನ್ನು ಒಯ್ಯುವ ಜಂಪರ್ ಕೇಬಲ್ಲಿನ ಯೋಗ್ಯತೆಯನ್ನು ನಿರ್ಣಯಿಸುವುದು ಈ ಅಂಕಿಯೇ. ಮೂರು ಮೀಟರ್ ಉದ್ದದ ಜೋಡಿ ಕೇಬಲ್ಲಿನಲ್ಲಿ ತಾಮ್ರದ ಅಡ್ಡಕೊಯ್ತದ ವಿಸ್ತೀರ್ಣ 16 ಚದರ ಮಿಲಿಮೀಟರ್ ಇದ್ದರೆ, ಆ ಪ್ರವಾಹಕ್ಕೆ ದಾರಿಯಲ್ಲಿ ಒಂದೂಕಾಲು ವೋಲ್ಟು ಮಾತ್ರ ನಷ್ಟ. 4 ಚದರ ಮಿಲಿಮೀಟರ್ ಇದ್ದರೆ ಐದು ವೋಲ್ಟು ನಷ್ಟವಾಗಿ, ಮೋಟಾರು ತಿರುಗದೆ ಕೇಬಲ್ಲು ಮಾತ್ರ ಬಿಸಿಯಾಗುತ್ತದೆ. ಹೊರಗೆ ದಪ್ಪನೆಯ ಪ್ಲಾಸ್ಟಿಕ್, ಒಳಗೆ ಕೃಶವಾದ ತಂತಿ ಇರುವ ಅಗ್ಗದ ಕೇಬಲ್ಲು ವಿಫಲವಾಗುವ ಮರ್ಮ ಇದು.

ಜೋಡಿಸುವ ಕ್ರಮವೂ ಮುಖ್ಯ. ಮೊದಲು ಕೆಂಪು ಕೇಬಲ್ಲಿನಿಂದ ಬತ್ತಿದ ಬ್ಯಾಟರಿಯ ಧನಧ್ರುವವನ್ನು ಒಳ್ಳೆಯ ಬ್ಯಾಟರಿಯ ಧನಧ್ರುವಕ್ಕೆ ಜೋಡಿಸಿ, ಬಳಿಕ ಕಪ್ಪು ಕೇಬಲ್ಲಿನ ಒಂದು ತುದಿಯನ್ನು ಒಳ್ಳೆಯದರ ಋಣಧ್ರುವಕ್ಕೆ ಹಚ್ಚಿ, ಇನ್ನೊಂದು ತುದಿಯನ್ನು ಬತ್ತಿದ ಬ್ಯಾಟರಿಗೆ ತಾಗಿಸದೆ, ಅದರಿಂದ ದೂರವಾಗಿರುವ ಎಂಜಿನ್ನಿನ ಬರಿಯ ಲೋಹಕ್ಕೆ ಕಚ್ಚಿಸಬೇಕು. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುವುದು ಸಹಜ; ಬ್ಯಾಟರಿಯಿಂದಲೋ ಜಲಜನಕ ಹೊರಬರುತ್ತಿರಬಹುದು, ಗಾಳಿಯಲ್ಲಿ ಅದು ಶೇಕಡಾ 4ರಷ್ಟು ಸೇರಿದರೂ ಹೊತ್ತಿಕೊಳ್ಳಬಲ್ಲದು. ಲಿಥಿಯಂ ಕೋಶಗಳ ಕೈಗಾತ್ರದ ಜಂಪ್ ಸ್ಟಾರ್ಟರು ಕೇಬಲ್ಲಿಗಿಂತ ಅನುಕೂಲವಾದುದು, ಪರಸಹಾಯವನ್ನು ಬಯಸದು. ಆದರೆ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡು 60 ಡಿಗ್ರಿಯನ್ನೂ ಮೀರಿ ಕಾಯಬಹುದಾದ್ದರಿಂದ ಅದನ್ನು ಅಲ್ಲಿಡದೆ, ಪ್ರಯಾಣಕಾಲದಲ್ಲಿ ಮಾತ್ರ ಒಯ್ಯುವುದು ಕ್ಷೇಮ. ಇದರೊಡನೆ ನಾಲ್ಕಾರು ಫ್ಯೂಸುಗಳಿರಲಿ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಸುಟ್ಟ ಫ್ಯೂಸಿನ ಬದಲಿಗೆ ಅದೇ ಬಣ್ಣದ್ದನ್ನೇ ಹಾಕಬೇಕು. ಹೆಚ್ಚಿನದನ್ನು ಹಾಕಿದರೆ ಸುಡುವ ಸರದಿ ತಂತಿಗೆ ಬರುತ್ತದೆ.

ಘಾಟಿಯನ್ನೇರುವಾಗ ಎಂಜಿನ್ ಕಾದು ನಿಂತರೆ ಎರಡು ಲೀಟರ್ ನೀರು ಉಪಕಾರಿ. ಆದರೆ ಅದಕ್ಕಿಂತ ಉಪಕಾರಿಯಾದುದು ತಾಳ್ಮೆ. ಮುಚ್ಚಳದ ಬಿಗಿಯಿಂದ ಒತ್ತಡದಲ್ಲಿರುವ ರೇಡಿಯೇಟರಿನ ನೀರು 100 ಡಿಗ್ರಿಯನ್ನು ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆರೆದು ಒತ್ತಡವಿಳಿದ ಕ್ಷಣವೇ ಉಗಿಯಾಗಿ ಚಿಮ್ಮಿ ಮುಖವನ್ನು ಬೇಯಿಸುತ್ತದೆ. ಎಂಜಿನ್ ಪೂರ್ತಿ ಆರಿದ ಮೇಲೆಯೇ ಅದನ್ನು ಮುಟ್ಟಬೇಕು.

ಬೆಂಕಿಗೆ ಒಂದು ಕಿಲೋದ ಒಣಪುಡಿಯ ಆರಿಸುಕ, ಬಾಗಿಲು ತೆರೆಯದಾದಾಗ ಕಿಟಕಿಯ ಗಾಜನ್ನು ಒಡೆಯಲು, ಸೀಟ್ ಬೆಲ್ಟ್ ಕತ್ತರಿಸುವ ಅಲಗೂ ಉಳ್ಳ ಚೂಪು ಸುತ್ತಿಗೆ: ಇವೆರಡೂ ಡಿಕ್ಕಿಯಲ್ಲಿರಕೂಡದು, ಚಾಲಕನ ಕೈಗೆಟುಕುವಲ್ಲಿ ಭದ್ರವಾಗಿರಬೇಕು. ಪಕ್ಕದ ಕಿಟಕಿಯ ಗಾಜನ್ನು ಕಾಯಿಸಿ ಹೊರಮೈಯನ್ನು ಥಟ್ಟನೆ ತಣಿಸಿರುವುದರಿಂದ ಅದರ ಹೊರಪದರವು ಒತ್ತಡದಲ್ಲಿಯೂ ಒಳಭಾಗವು ಸೆಳೆತದಲ್ಲಿಯೂ ಇರುತ್ತದೆ. ಅಂಗೈಯ ಏಟನ್ನು ತಾಳುವ ಆ ಗಾಜು, ಚೂಪಾದ ಮೊನೆ ಹೊರಪದರವನ್ನು ಭೇದಿಸಿತೆಂದರೆ ಒಡನೆಯೇ ಪುಡಿಯಾಗುತ್ತದೆ. ಮೂಲೆಯ ಬಳಿ ಹೊಡೆಯಬೇಕು. ಮುಂದಿನ ಗಾಜಿನಲ್ಲಿ ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವಿರುವುದರಿಂದ ಅಲ್ಲಿ ಶ್ರಮಪಡುವುದು ವ್ಯರ್ಥ. ಕೆಲವು ಕಾರುಗಳ ಪಕ್ಕದ ಗಾಜೂ ಹಾಗೆಯೇ ಇರುತ್ತದೆ. ಗಾಜಿನ ಮೂಲೆಯಲ್ಲಿ ಮುದ್ರಿಸಿದ ಗುರುತನ್ನು ಇಂದೇ ಓದಿಕೊಳ್ಳಿರಿ.

ಉಳಿದವುಗಳನ್ನು ಹೆಸರಿಸಿದರೆ ಸಾಕು: ರಕ್ತಸ್ರಾವವನ್ನು ಒತ್ತಿ ನಿಲ್ಲಿಸಲು ಶುದ್ಧವಾದ ಗಾಜ್ ಬಟ್ಟೆ ಮತ್ತು ಅಗಲವಾದ ಬ್ಯಾಂಡೇಜು, ಕೈಗವಸು, ತಲೆಗೆ ಕಟ್ಟುವ ಟಾರ್ಚು, ಇನ್ಸುಲೇಶನ್ ಟೇಪು, ಇಕ್ಕಳ, ಎರಡು ಮೊನೆಗಳ ಸ್ಕ್ರೂಡ್ರೈವರು, ಎಳೆಯುವ ಹಗ್ಗ, ಮತ್ತು ಮೊಬೈಲು ಸತ್ತಾಗಲೂ ಓದಬಹುದಾದಂತೆ ಕಾಗದದ ಮೇಲೆ ಬರೆದ ಸಂಖ್ಯೆಗಳು: ತುರ್ತು ಸಹಾಯಕ್ಕೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ಇವೆಲ್ಲವೂ ಸೇರಿದ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿ ಪಟ್ಟಿಯಿಂದ ಬಿಗಿದಿಡಬೇಕು. ಗಂಟೆಗೆ 72 ಕಿಲೋಮೀಟರ್ ವೇಗದ ಕಾರು ಅಪಘಾತದಲ್ಲಿ ಅರ್ಧ ಮೀಟರಿನೊಳಗೆ ನಿಂತರೆ, ಐದು ಕಿಲೋದ ಪೆಟ್ಟಿಗೆಯನ್ನು ತಡೆದು ನಿಲ್ಲಿಸಲು 200 ಕಿಲೋ ತೂಕದಷ್ಟು ಬಲ ಬೇಕು. ಹಿಂದಿನ ಸೀಟಿನ ಮೇಲೆ ಸಡಿಲವಾಗಿಟ್ಟರೆ ಆ ಬಲ ಬೀಳುವುದು ಮುಂದೆ ಕುಳಿತವರ ಬೆನ್ನಿನ ಮೇಲೆ.

ಕೊಂಡು ತಂದು ಮುಚ್ಚಿಟ್ಟ ಪೆಟ್ಟಿಗೆ ಅರ್ಧ ಸಿದ್ಧತೆ ಮಾತ್ರ. ಟಾರ್ಚಿನ ಸೆಲ್ಲು ಸೋರುತ್ತದೆ, ಸ್ಟೆಪ್ನಿಯ ಗಾಳಿ ಕಾಣದಂತೆ ಇಳಿಯುತ್ತದೆ, ಪಂಕ್ಚರ್ ಅಂಟು ಒಣಗುತ್ತದೆ, ಆರಿಸುಕದ ಮುಳ್ಳು ಹಸಿರನ್ನು ಬಿಟ್ಟು ಸರಿಯುತ್ತದೆ. ಮಳೆಗಾಲ ಕಾಲಿಡುವ ಮುನ್ನ ಒಂದು ಭಾನುವಾರ, ಮನೆಯ ಮುಂದಿನ ಸಮತಟ್ಟಾದ ನೆಲದಲ್ಲಿ, ಹಗಲಿನ ಬೆಳಕಿನಲ್ಲಿ, ಕಾರು ಓಡಿಸುವ ಮನೆಯ ಎಲ್ಲರೂ, ಹೆಂಗಸರೂ ವಯಸ್ಸಿಗೆ ಬಂದ ಮಕ್ಕಳೂ ಸೇರಿ, ಒಂದು ಚಕ್ರವನ್ನು ಬಿಚ್ಚಿ ಮತ್ತೆ ತೊಡಿಸಿ ನೋಡಿರಿ. ಯಾವ ನಟ್ಟು ಬಿಗಿಯಾಗಿದೆ, ಯಾವ ಉಪಕರಣ ಕಾಣೆಯಾಗಿದೆ ಎಂಬುದು ಆಗ ತಿಳಿಯಲಿ, ಘಾಟಿಯ ಮಂಜಿನಲ್ಲಿ ಅಲ್ಲ.