ಗೇಟಿನ ಬೀಗ ಯಾರ ಜವಾಬ್ದಾರಿ?

ಅಪಾರ್ಟ್‌ಮೆಂಟ್ ಗೇಟಿನ ಬೀಗ ಕೆಟ್ಟು ತಿಂಗಳಾಯ್ತು, ಮೆಟ್ಟಿಲಲ್ಲಿ ಲೈಟಿಲ್ಲ, ಯಾರ್ಯಾರೋ ಒಳಗೆ ಬರ್ತಾರೆ. ಓನರ್‌ಗೆ ಹೇಳಿದ್ರೆ ‘ನೋಡೋಣ’ ಅಂತಾರೆ. ಬೆಂಗಳೂರಿನ ಬಾಡಿಗೆದಾರರಿಗೆ ಜೋರು ಮಾಡೋಕೂ ಭಯ, ಅಡ್ವಾನ್ಸ್ ಅವರ ಕೈಲಿದೆಯಲ್ಲ!

ನಾನು ಹೇಳೋದಿಷ್ಟೇ: ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರಲ್ಲ, ಫೋಟೋ, ದಿನಾಂಕದ ಸಮೇತ ಬರೆದು ಕೊಡಿ. ಎಲ್ಲ ಮನೆಯವರೂ ಸಹಿ ಹಾಕಿದರೆ ಇನ್ನೂ ತೂಕ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟು ಸಾಕಷ್ಟು ಸಮಯವಾದರೂ ಮಾಡಿಸದಿದ್ದರೆ, ನೀವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಆದ್ರೆ ‘ಮಾಡಿಸಲೇಬೇಕಾದ’ ಅನ್ನೋ ಪದದಲ್ಲೇ ಜಗಳ ಶುರುವಾಗೋದು. ಆಗ ಮೊದಲು ತೆಗೆದು ನೋಡೋದು ನಿಮ್ಮ ಅಗ್ರಿಮೆಂಟನ್ನೇ. 11 ತಿಂಗಳ ಅಗ್ರಿಮೆಂಟ್ ರಿನ್ಯೂ ಮಾಡುವಾಗ ಗೇಟು, ಬೀಗ, ಲೈಟಿನ ರಿಪೇರಿ ಓನರ್‌ದು ಅಂತ ಒಂದು ಸಾಲು ಸೇರಿಸಿ, ಆಮೇಲೆ ಸಹಿ ಹಾಕಿ.