ವರ್ಷಕ್ಕೆ 88 ಸೆಂಟ್, ದಿನಕ್ಕೆ ಮೂರು ಪ್ರಾರ್ಥನೆ

ಜರ್ಮನಿಯ ಬವೇರಿಯಾ ಪ್ರಾಂತ್ಯದ ಆಗ್ಸ್‌ಬರ್ಗ್ ನಗರದಲ್ಲಿ, ಸುತ್ತ ಗೋಡೆ ಕಟ್ಟಿ ಹೆಬ್ಬಾಗಿಲಿಟ್ಟ ಒಂದು ಕೇರಿಯಿದೆ. ಹೆಸರು ಫುಗ್ಗರೈ. ಎರಡಂತಸ್ತಿನ 67 ಮನೆಗಳು, ಅವುಗಳಲ್ಲಿ 140 ಬಿಡಾರಗಳು, ಸುಮಾರು 150 ನಿವಾಸಿಗಳು. ಬಹುಪಾಲು ಮಂದಿ ದುಡಿಮೆಯ ವಯಸ್ಸು ದಾಟಿ, ಸಣ್ಣ ಪಿಂಚಣಿಯಲ್ಲಿ ಸಂಸಾರ ತೂಗಿಸುತ್ತಿರುವ ಹಿರಿಯರು. ಬಾಡಿಗೆ ವರ್ಷಕ್ಕೆ 88 ಸೆಂಟ್, ನಮ್ಮ ಲೆಕ್ಕದಲ್ಲಿ ನೂರು ರೂಪಾಯಿಯ ಆಸುಪಾಸು. 1521ರಲ್ಲಿ ಗೊತ್ತುಮಾಡಿದ್ದ ಒಂದು ರೈನ್ ಗುಲ್ಡನ್ ನಾಣ್ಯವನ್ನೇ ಯೂರೋಗೆ ಇಳಿಸಿದಾಗ ಬಂದ ಮೊತ್ತ ಇದು. ಐನೂರು ವರ್ಷಗಳಲ್ಲಿ ಬಾಡಿಗೆ ಏರಿಲ್ಲ. ಹಣದ ಜೊತೆಗೆ ಇನ್ನೂ ಒಂದು ಸಲ್ಲಿಕೆ ಉಂಟು. ಪ್ರತಿಯೊಬ್ಬ ನಿವಾಸಿಯೂ ದಿನಕ್ಕೊಮ್ಮೆ ಪರಲೋಕ ಮಂತ್ರ, ನಮೋ ಮರಿಯಾ ಮತ್ತು ವಿಶ್ವಾಸ ಸಂಗ್ರಹ, ಈ ಮೂರನ್ನು ಹೇಳಿ ಕೇರಿಯನ್ನು ಕಟ್ಟಿಸಿದವನಿಗಾಗಿ, ಅವನ ಮನೆತನದವರಿಗಾಗಿ ಪ್ರಾರ್ಥಿಸಬೇಕು.

ಈ ಕರಾರಿನ ಅರ್ಥ ಎಲ್ಲಕ್ಕಿಂತ ಚೆನ್ನಾಗಿ ತಿಳಿಯುವುದು ನವೆಂಬರಿನಲ್ಲಿ. ಎಲೆ ಉದುರಿ ಮುಗಿಯುವ ಈ ತಿಂಗಳು ಕ್ಯಾಥೊಲಿಕರಿಗೆ ತೀರಿಕೊಂಡವರ ತಿಂಗಳು. ಒಂದನೇ ತಾರೀಕು ಸಕಲ ಸಂತರ ಹಬ್ಬ, ಎರಡನೆಯದು ಸಕಲ ಮೃತರ ದಿನ. ಸತ್ತವರ ಆತ್ಮ ಶುದ್ಧೀಕರಣ ಸ್ಥಳದಲ್ಲಿ ಕೆಲಕಾಲ ಬೇಯುತ್ತದೆ, ಬದುಕಿರುವವರ ಪ್ರಾರ್ಥನೆಯಿಂದ ಆ ಕಾಲ ಕಡಿಮೆಯಾಗುತ್ತದೆ ಎಂಬುದು ನಂಬಿಕೆ. ಫುಗ್ಗರೈ ಹುಟ್ಟಿದ್ದೇ ಈ ನಂಬಿಕೆಯಿಂದ.

ಕಟ್ಟಿಸಿದವನು ಯಾಕೋಬ್ ಫುಗ್ಗರ್ (1459–1525). ಅವನ ಅಜ್ಜ ಹಾನ್ಸ್ 1367ರಲ್ಲಿ ಹಳ್ಳಿಯಿಂದ ಆಗ್ಸ್‌ಬರ್ಗಿಗೆ ಬಂದ ನೇಕಾರ. ಮೊಮ್ಮಗನ ಕಾಲಕ್ಕೆ ಮನೆತನ ಯುರೋಪಿನ ರಾಜರಿಗೂ ಪೋಪರಿಗೂ ಸಾಲ ಕೊಡುವಷ್ಟು ಬೆಳೆದಿತ್ತು. 1519ರಲ್ಲಿ ಐದನೇ ಚಾರ್ಲ್ಸ್ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯಾಗಿ ಚುನಾಯಿತನಾಗಲು ಹಂಚಿದ ಸುಮಾರು ಎಂಟೂವರೆ ಲಕ್ಷ ಗುಲ್ಡನ್‌ಗಳಲ್ಲಿ ಐದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಬಂದದ್ದು ಫುಗ್ಗರನ ಪೆಟ್ಟಿಗೆಯಿಂದ. ಟಿರೋಲಿನ ಬೆಳ್ಳಿ, ಹಂಗೆರಿಯ ತಾಮ್ರ, ಪೂರ್ವದ ಸಂಬಾರ ಪದಾರ್ಥಗಳು, ಎಲ್ಲದರಲ್ಲೂ ಅವನ ಕೈ ಇತ್ತು.

ಆ ಕೈ ಕರ್ನಾಟಕದ ಕರಾವಳಿಯವರೆಗೂ ಚಾಚಿತ್ತು. 1505ರಲ್ಲಿ ಫ್ರಾನ್ಸಿಸ್ಕೊ ದ ಅಲ್ಮೇಡಾನ ನೇತೃತ್ವದಲ್ಲಿ ಪೋರ್ಚುಗೀಸ್ ನೌಕಾಪಡೆ ಕಾಳುಮೆಣಸಿಗಾಗಿ ಭಾರತಕ್ಕೆ ಹೊರಟಾಗ, ಅದರ ಮೂರು ಹಡಗುಗಳಿಗೆ ಬಂಡವಾಳ ಹೂಡಿದವರು ಜರ್ಮನ್ ಮತ್ತು ಇಟಲಿಯ ವರ್ತಕರು. ಆಗ್ಸ್‌ಬರ್ಗಿನ ವೆಲ್ಸರ್ ಮನೆತನದ್ದು ದೊಡ್ಡ ಪಾಲು, ಫುಗ್ಗರರದು ಸಣ್ಣದು. ಆ ಪಡೆ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ಕೋಟೆ ಕಟ್ಟತೊಡಗಿ, ಮುಂದೆ ಹೊನ್ನಾವರದ ಬಂದರಿನಲ್ಲಿ ಕಾದಾಡಿ ಅಲ್ಲಿನ ಹಡಗುಗಳಿಗೆ ಬೆಂಕಿಯಿಟ್ಟಿತು. ಮೆಣಸಿಗೆ ಬದಲಾಗಿ ಭಾರತದ ಪೇಟೆಗಳಿಗೆ ಬರುತ್ತಿದ್ದ ಸರಕುಗಳಲ್ಲಿ ತಾಮ್ರ ಮುಖ್ಯವಾದದ್ದು. 2008ರಲ್ಲಿ ನಮೀಬಿಯಾದ ಕರಾವಳಿಯಲ್ಲಿ, ವಜ್ರದ ಗಣಿಯ ಮರಳಿನಡಿ, ಭಾರತಕ್ಕೆ ಹೊರಟು 1533ರಲ್ಲಿ ಒಡೆದುಹೋಗಿದ್ದ ಒಂದು ಪೋರ್ಚುಗೀಸ್ ಹಡಗು ಸಿಕ್ಕಿತು. ಅದರೊಳಗಿದ್ದ ಟನ್‌ಗಟ್ಟಲೆ ತಾಮ್ರದ ಗಟ್ಟಿಗಳ ಮೇಲೆ ಫುಗ್ಗರರ ತ್ರಿಶೂಲದ ಮುದ್ರೆಯಿತ್ತು. ಆಗ್ಸ್‌ಬರ್ಗಿನ ಬಡವರಿಗೆ ಮನೆ ಕಟ್ಟಿಕೊಟ್ಟ ಸಂಪತ್ತು ಎಲ್ಲೆಲ್ಲಿಂದ, ಯಾರ್ಯಾರ ನೋವಿನಿಂದ ಕೂಡಿಬಂತು ಎಂಬುದನ್ನು ಮರೆಯುವಂತಿಲ್ಲ. 1525ರಲ್ಲಿ ರೈತರು ದಂಗೆಯೆದ್ದಾಗ ಅವರನ್ನು ಬಗ್ಗುಬಡಿದ ಸೇನೆಗೆ ಹಣ ಕೊಟ್ಟವರಲ್ಲೂ ಇದೇ ಫುಗ್ಗರ್ ಇದ್ದ.

ಇಷ್ಟು ದುಡ್ಡಿದ್ದವನಿಗೆ ಒಂದು ಅಳುಕೂ ಇತ್ತು. ಬಡ್ಡಿ ವ್ಯವಹಾರ ಪಾಪವೆಂದು ಚರ್ಚ್ ಬಹುಕಾಲದಿಂದ ಸಾರುತ್ತ ಬಂದಿತ್ತು. ನೂರಕ್ಕೆ ಐದರ ಬಡ್ಡಿ ತಪ್ಪಲ್ಲವೆಂದು 1515ರಲ್ಲಿ ಬೊಲೋನ್ಯದ ವಿದ್ವತ್ಸಭೆಯಲ್ಲಿ ವಾದಿಸಿದ ಯೋಹಾನ್ ಎಕ್ ಎಂಬ ಧರ್ಮಪಂಡಿತನ ಬೆನ್ನಿಗೆ ಫುಗ್ಗರ್ ನಿಂತದ್ದು ಸುಮ್ಮನೆ ಅಲ್ಲ. ನಮ್ಮ ಹಳೆಯ ಅಂಗಡಿಗಳ ಖಾತೆ ಪುಸ್ತಕದಲ್ಲಿ ಧರ್ಮಾದಾಯಕ್ಕೆಂದು ಒಂದು ಪುಟ ಮೀಸಲಿದ್ದ ಹಾಗೆ, ಫುಗ್ಗರರ ಲೆಕ್ಕದಲ್ಲಿ ಊರಿನ ಪಾಲಕ ಸಂತ ಉಲ್ರಿಕ್‌ನ ಹೆಸರಿನಲ್ಲೂ ಒಂದು ಖಾತೆಯಿತ್ತು. ದಾನಧರ್ಮದ ಹಣ ಅಲ್ಲಿ ಜಮೆಯಾಗುತ್ತಿತ್ತು.

ಹೊಸ ಕೇರಿಗೆ ಜಾಗ ಕೊಳ್ಳಲು ತೊಡಗಿದ್ದು 1514ರಲ್ಲಿ, ಕಟ್ಟಡ ಏಳತೊಡಗಿದ್ದು 1516ರಲ್ಲಿ. ತೋಮಾಸ್ ಕ್ರೆಬ್ಸ್ ಎಂಬ ಮೇಸ್ತ್ರಿಯ ಉಸ್ತುವಾರಿಯಲ್ಲಿ 1523ರ ಹೊತ್ತಿಗೆ 52 ಮನೆಗಳು ಎದ್ದುನಿಂತವು. ಜರ್ಮನಿಯ ಧಾರ್ಮಿಕ ಬದುಕು ತಲೆಕೆಳಗಾದದ್ದೂ ಇದೇ ವರ್ಷಗಳಲ್ಲಿ. ಪಾಪವಿಮೋಚನಾ ಪತ್ರಗಳ ಮಾರಾಟವನ್ನು ಖಂಡಿಸಿ ಧರ್ಮಸುಧಾರಕ ಮಾರ್ಟಿನ್ ಲೂಥರ್ ತನ್ನ 95 ವಾದಗಳನ್ನು ಮುಂದಿಟ್ಟದ್ದು 1517ರ ಅಕ್ಟೋಬರ್ 31ರಂದು, ಸಕಲ ಸಂತರ ಹಬ್ಬದ ಹಿಂದಿನ ದಿನ. ಆ ಪತ್ರಗಳ ಹಣವನ್ನು ರೋಮಿಗೆ ಸಾಗಿಸುತ್ತಿದ್ದವರು ಫುಗ್ಗರರೇ. ಮರುವರ್ಷದ ಅಕ್ಟೋಬರಿನಲ್ಲಿ ಪೋಪರ ಪ್ರತಿನಿಧಿ ಕಾರ್ಡಿನಲ್ ಕಯೆಟಾನ್ ಲೂಥರನನ್ನು ಕರೆಸಿ ವಿಚಾರಿಸಿದ್ದು ಆಗ್ಸ್‌ಬರ್ಗಿನ ಫುಗ್ಗರರ ಮನೆಯಲ್ಲೇ. ದುಡ್ಡು ಕೊಟ್ಟು ಆತ್ಮಕ್ಕೆ ಮುಕ್ತಿ ಕೊಳ್ಳಲಾಗದು ಎಂದು ಒಬ್ಬ ವಾದಿಸುತ್ತಿದ್ದಾಗ, ಅದೇ ಊರಿನ ಇನ್ನೊಂದು ಮೂಲೆಯಲ್ಲಿ ಬಡವರ ಪ್ರಾರ್ಥನೆಗೆ ಪ್ರತಿಯಾಗಿ ಮನೆಗಳು ಏಳುತ್ತಿದ್ದವು.

1521ರ ಆಗಸ್ಟ್ 23ರ ದಾನಪತ್ರವನ್ನು ಯಾಕೋಬ್ ತನ್ನ ಒಬ್ಬನ ಹೆಸರಿನಲ್ಲಿ ಬರೆಸಲಿಲ್ಲ. ಅಷ್ಟರಲ್ಲಾಗಲೇ ತೀರಿಕೊಂಡಿದ್ದ ಅಣ್ಣಂದಿರಾದ ಉಲ್ರಿಕ್ ಮತ್ತು ಗೆಯೋರ್ಗ್ ಅವರನ್ನೂ ಸೇರಿಸಿಕೊಂಡ. ಮನೆ ಯಾರಿಗೆ ಎಂಬುದು ಅದರಲ್ಲಿ ಸ್ಪಷ್ಟವಾಗಿತ್ತು. ಆಗ್ಸ್‌ಬರ್ಗಿನ ಬಡ ಕಸುಬುದಾರರು, ದಿನಗೂಲಿಗಳು, ಕಷ್ಟದಲ್ಲಿದ್ದರೂ ಬೀದಿಯಲ್ಲಿ ಕೈಯೊಡ್ಡದವರು. ಎಂದರೆ ಅದು ವೃದ್ಧಾಶ್ರಮವಾಗಿ ಹುಟ್ಟಿದ್ದಲ್ಲ. ಮಕ್ಕಳು ಮರಿಗಳ ಸಂಸಾರಗಳು ಅಲ್ಲಿದ್ದವು, ಮನೆಯೊಳಗೇ ಕಸುಬು ನಡೆಯುತ್ತಿತ್ತು. ಮುಂದೆ 1681ರಿಂದ 1694ರವರೆಗೆ ಇಲ್ಲಿ ಬದುಕಿದ ಗಾರೆಕೆಲಸದ ಫ್ರಾನ್ಸ್ ಮೊಜಾರ್ಟ್, ಸಂಗೀತಗಾರ ಮೊಜಾರ್ಟನ ಮುತ್ತಜ್ಜ.

ಇಂಥ ದಾನದ ಮನೆಗಳು ಆ ಕಾಲದ ಯುರೋಪಿನಲ್ಲಿ ಬೇರೆಡೆಯೂ ಇದ್ದವು. ಫುಗ್ಗರೈಯ ಹೆಚ್ಚುಗಾರಿಕೆ ಇರುವುದು ಅದರ ಬಾಗಿಲುಗಳಲ್ಲಿ. ಒಂದೊಂದು ಮನೆಯಲ್ಲಿ ಕೆಳಗೊಂದು ಬಿಡಾರ, ಮೇಲೊಂದು ಬಿಡಾರ. ಆದರೆ ಬೀದಿಗೆ ತೆರೆಯುವ ಬಾಗಿಲು ಎರಡು. ಮೇಲಿನವರು ಕೆಳಗಿನವರ ನಡುಮನೆ ಹಾದು ಹೋಗಬೇಕಿಲ್ಲ. ಕೆಳಗಿನವರಿಗೆ ಪುಟ್ಟ ಹಿತ್ತಲು, ಮೇಲಿನವರಿಗೆ ಅಟ್ಟ. ಒಂದೊಂದು ಬಿಡಾರ ಸುಮಾರು 60 ಚದರ ಮೀಟರ್. ಬಾಗಿಲ ಪಕ್ಕ ಗಂಟೆ ಬಾರಿಸಲು ಎಳೆಯುವ ಕಬ್ಬಿಣದ ಹಿಡಿಯೊಂದು ತೂಗುತ್ತದೆ. ಒಂದು ಮನೆಯದು ಮೂರೆಸಳಿನ ಎಲೆಯಂತೆ, ಇನ್ನೊಂದರದು ಪೈನ್ ಕಾಯಿಯಂತೆ, ಹೀಗೆ ಆಕಾರಗಳು ಬೇರೆಬೇರೆ. ಬೀದಿದೀಪವಿಲ್ಲದ ಕಾಲದಲ್ಲಿ, ಕತ್ತಲೆಯಲ್ಲಿ ಮನೆ ಸೇರುವವರು ಹಿಡಿಯನ್ನು ಕೈಯಿಂದ ತಡವಿ ತಮ್ಮ ಬಾಗಿಲನ್ನು ಗುರುತು ಹಿಡಿಯುತ್ತಿದ್ದರೆಂಬ ಮಾತಿದೆ. ಬಡವರನ್ನು ದೊಡ್ಡ ಕೊಠಡಿಯೊಂದರಲ್ಲಿ ಸಾಲಾಗಿ ಮಲಗಿಸುವುದೇ ಉಪಕಾರ ಎನಿಸಿಕೊಳ್ಳುತ್ತಿದ್ದ ಕಾಲದಲ್ಲಿ ಒಬ್ಬೊಬ್ಬರಿಗೂ ಅವರದೇ ಬಾಗಿಲು, ಅವರದೇ ಬೀಗದ ಕೈ ಕೊಟ್ಟದ್ದು ದೊಡ್ಡ ಸಂಗತಿ. ಬಾಡಿಗೆಯನ್ನು ಪೂರ್ತಿ ಮಾಫಿ ಮಾಡದೆ ಒಂದು ಗುಲ್ಡನ್ ಪಡೆದದ್ದೂ ಇದೇ ಬಗೆಯದು. ಬಾಡಿಗೆ ಕೊಡುವವನು ಒಕ್ಕಲು, ಭಿಕ್ಷುಕನಲ್ಲ.

ಪ್ರಾರ್ಥನೆಯ ಕರಾರಿಗೆ ಬಹುಬೇಗ ಪರೀಕ್ಷೆ ಎದುರಾಯಿತು. ಆಗ್ಸ್‌ಬರ್ಗ್ ಲೂಥರನ ಕಡೆ ವಾಲಿತು. ಹತ್ತಿರದ ಸಂತ ಯಾಕೋಬರ ಚರ್ಚ್ ಪ್ರಾಟೆಸ್ಟೆಂಟರದಾಯಿತು. 1537ರಲ್ಲಿ ನಗರಸಭೆ ಕ್ಯಾಥೊಲಿಕ್ ಬಲಿಪೂಜೆಯನ್ನೇ ನಿಷೇಧಿಸಿ ಗುರುಗಳನ್ನು ಊರುಬಿಡಿಸಿತು. ಅವರು ಮರಳಿ ನೆಲೆಯೂರಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಯಾಕೋಬ್ ಫುಗ್ಗರ್ ತನಗಾಗಿ ಪ್ರಾರ್ಥನಾಲಯ ಕಟ್ಟಿಸಿಕೊಂಡು ಸಮಾಧಿಯಾದ ಸಂತ ಅನ್ನಾ ಚರ್ಚ್ ಕೂಡ ಲೂಥರನ್ ಸಭೆಗೆ ಸೇರಿತು, ಇಂದಿಗೂ ಹಾಗೆಯೇ ಇದೆ. ದೊಡ್ಡ ಶಿಲ್ಪಿಗಳಿಂದ ಮಾಡಿಸಿದ ಗೋರಿಗಿಂತ ಹೆಚ್ಚಾಗಿ ಅವನ ಉದ್ದೇಶ ಸಾಗಿಬಂದದ್ದು ಬಡವರ ಮನೆಯೊಳಗಿನ ಮೂರು ಪ್ರಾರ್ಥನೆಗಳಲ್ಲಿ. ಅವಕ್ಕೆ ಗುರುಗಳೂ ಬೇಡ, ಪೀಠವೂ ಬೇಡ. ಅಡುಗೆಮನೆಯಲ್ಲಿ ಕೂತು ಹೇಳಿದರೂ ಸಂದಾಯವೇ. ಕೇರಿಗೆ ಸ್ವಂತ ಚರ್ಚ್ ಬಂದದ್ದು ಆಮೇಲೆ. 1581–82ರಲ್ಲಿ ಹಾನ್ಸ್ ಹೋಲ್ ಕಟ್ಟಿದ ಸಂತ ಮಾರ್ಕರ ಪುಟ್ಟ ದೇವಾಲಯ ಹೆಬ್ಬಾಗಿಲ ಬಳಿಯಲ್ಲೇ ಇದೆ.

ಮೂವತ್ತು ವರ್ಷಗಳ ಯುದ್ಧದಲ್ಲಿ, 1632ರಲ್ಲಿ, ಸ್ವೀಡನ್ನಿನ ಸೈನಿಕರು ನಗರಕ್ಕೆ ನುಗ್ಗಿ ಈ ಮನೆಗಳಲ್ಲಿ ಬೀಡುಬಿಟ್ಟರು. ಯುದ್ಧ ಮುಗಿಯುವ ಹೊತ್ತಿಗೆ ಕೇರಿ ಹಾಳುಬಿದ್ದಿತ್ತು. ದುರಸ್ತಿಯಾಗಿ ಮತ್ತೆ ತುಂಬಿತು. ದತ್ತಿಯ ಹಣ ಕಾಲಕ್ರಮದಲ್ಲಿ ಕಾಡು ಮತ್ತು ಜಮೀನಿಗೆ ತಿರುಗಿದ್ದು ಇದನ್ನು ಉಳಿಸಿತು. 1923ರಲ್ಲಿ ಜರ್ಮನ್ ಹಣ ಕಸಕ್ಕೆ ಸಮನಾದಾಗ ನಗದು ನಂಬಿದ್ದ ಎಷ್ಟೋ ದತ್ತಿಗಳು ಮುಳುಗಿದವು, ಮರಗಳನ್ನು ನಂಬಿದ್ದ ಇದು ಉಳಿಯಿತು. ಈಗಲೂ ನಿರ್ವಹಣೆಗೆ ಆಧಾರ ಅರಣ್ಯದ ಆದಾಯ. ಅದರ ಜೊತೆಗೆ ಪ್ರವಾಸಿಗರ ಟಿಕೆಟ್ ಹಣವೂ ಸೇರುತ್ತದೆ.

ಕೇರಿ ಹಿರಿಯರದಾದದ್ದಕ್ಕೆ ಎರಡನೇ ಮಹಾಯುದ್ಧವೂ ಒಂದು ಕಾರಣ. 1944ರ ಫೆಬ್ರವರಿ 25ರ ರಾತ್ರಿ ಮಿತ್ರರಾಷ್ಟ್ರಗಳ ವಿಮಾನಗಳು ಸುರಿಸಿದ ಬಾಂಬುಗಳಿಗೆ ಫುಗ್ಗರೈಯ ಬಹುಭಾಗ ಸುಟ್ಟುಹೋಯಿತು. ಕೇರಿಯೊಳಗೇ ಕಟ್ಟಿದ್ದ ನೆಲದಡಿಯ ಆಶ್ರಯದಲ್ಲಿ ಅಡಗಿದ್ದ ನಿವಾಸಿಗಳು ಬದುಕಿಕೊಂಡರು. ಆ ಆಶ್ರಯ ಈಗ ವಸ್ತುಸಂಗ್ರಹಾಲಯ. ಒಂದು ವಾರವೂ ಕಳೆಯುವ ಮೊದಲೇ, ಮಾರ್ಚ್ 1ರಂದು, ಹಳೆಯ ರೂಪದಲ್ಲೇ ಮತ್ತೆ ಕಟ್ಟಬೇಕೆಂದು ಫುಗ್ಗರ್ ಮನೆತನದ ಹಿರಿಯರು ತೀರ್ಮಾನಿಸಿದರು. ಯುದ್ಧ ಇನ್ನೂ ಮುಗಿದಿರಲಿಲ್ಲ, ಕೈಯಲ್ಲಿ ಸಾಮಗ್ರಿಯೂ ಇರಲಿಲ್ಲ. ಯುದ್ಧದ ನಂತರ ಅಕ್ಕಪಕ್ಕದ ಪಾಳುಜಾಗವನ್ನೂ ಕೊಂಡು ಕೇರಿಯನ್ನು ವಿಸ್ತರಿಸಲಾಯಿತು. ಗಂಡನನ್ನು ಕಳೆದುಕೊಂಡ ಹೆಂಗಸರು ಅಲ್ಲಿ ನೆಲೆ ಕಂಡರು. ದುಡಿಯುವ ವಯಸ್ಸಿನವರಿಗೆ ಸರ್ಕಾರದ ನೆರವು ಬೇರೆ ದಾರಿಗಳಲ್ಲಿ ಸಿಗತೊಡಗಿದಾಗ, ಹೊರಗಿನ ಬಾಡಿಗೆ ಭರಿಸಲಾಗದೆ ಇಲ್ಲಿ ಉಳಿದವರು ಒಂಟಿ ಹಿರಿಯರು. ಸಣ್ಣ ವಯಸ್ಸಿನವರೂ ಮಕ್ಕಳಿರುವ ಸಂಸಾರಗಳೂ ಈಗಲೂ ಇವೆ, ಆದರೆ ಕಡಿಮೆ.

ಸೇರಲು ನಿಯಮ ಹೆಚ್ಚು ಬದಲಾಗಿಲ್ಲ. ಆಗ್ಸ್‌ಬರ್ಗಿನಲ್ಲಿ ಕನಿಷ್ಠ ಎರಡು ವರ್ಷ ನೆಲೆಸಿರಬೇಕು, ಕ್ಯಾಥೊಲಿಕರಾಗಿರಬೇಕು, ನಿಜವಾಗಿ ಕಷ್ಟದಲ್ಲಿರಬೇಕು. ಕಾಯುವವರ ಪಟ್ಟಿ ಉದ್ದ. ನೀರು, ಕರೆಂಟು, ಮನೆ ಬೆಚ್ಚಗಿಡುವ ಖರ್ಚು ನಿವಾಸಿಗಳದೇ, ಹಾಗಾಗಿ ನವೆಂಬರಿನಿಂದ ತಿಂಗಳ ಲೆಕ್ಕ ಬಿಗಿಯಾಗುತ್ತದೆ. ಕೈಲಾದವರು ರಾತ್ರಿ ಕಾವಲು, ತೋಟದ ಕೆಲಸ, ಚರ್ಚಿನ ಕೆಲಸಗಳಿಗೆ ಹೆಗಲು ಕೊಡುತ್ತಾರೆ.

ನವೆಂಬರಿನ ಕೊನೆಗೆ ಆಗ್ಸ್‌ಬರ್ಗಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಹೊತ್ತು ಮುಳುಗಿರುತ್ತದೆ. ಹಗಲೆಲ್ಲ ಕಿಟಕಿಗಳಿಗೆ ಇಣುಕುವ ಪ್ರವಾಸಿಗರ ಗುಂಪು ಚಳಿಗೆ ಕರಗಿ, ಕೇರಿ ನಿವಾಸಿಗಳ ಕೈಗೆ ಮರಳುತ್ತದೆ. ಬೇಸಿಗೆಯುದ್ದಕ್ಕೂ ಪ್ರದರ್ಶನಕ್ಕಿಟ್ಟಂತೆ ಬದುಕಿದವರಿಗೆ ಇದು ನಿಜವಾದ ಬಿಡುವು. ರಾತ್ರಿ ಹತ್ತಕ್ಕೆ ಹೆಬ್ಬಾಗಿಲುಗಳು ಮುಚ್ಚುತ್ತವೆ. ತಡವಾಗಿ ಬಂದವರಿಗೆ ಕಾವಲುಗಾರ ಬಾಗಿಲು ತೆರೆಯುತ್ತಾನೆ, ಅವನ ಕೈಗೆ 50 ಸೆಂಟ್ ಹಾಕಬೇಕು. ಮಧ್ಯರಾತ್ರಿ ದಾಟಿದರೆ ಒಂದು ಯೂರೋ. ವರ್ಷದ ಬಾಡಿಗೆಗಿಂತ ಒಂದು ತಡರಾತ್ರಿ ದುಬಾರಿ.

ತಿಂಗಳ ಮೊದಲ ದಿನ ಬವೇರಿಯಾದಲ್ಲಿ ಸರ್ಕಾರಿ ರಜೆ. ಅಂದು ಕ್ಯಾಥೊಲಿಕ್ ಕುಟುಂಬಗಳು ಸ್ಮಶಾನಕ್ಕೆ ಹೋಗಿ ಸಮಾಧಿಗಳನ್ನು ಶುಚಿಮಾಡಿ, ಫರ್ ಮರದ ಟೊಂಗೆ ಹೊದಿಸಿ, ಕೆಂಪು ಗಾಜಿನ ದೀಪ ಹಚ್ಚಿಡುತ್ತವೆ, ಗುರುಗಳು ಸಮಾಧಿಗಳಿಗೆ ತೀರ್ಥ ಚಿಮುಕಿಸುತ್ತಾರೆ. ನವೆಂಬರ್ 1ರಿಂದ 8ರೊಳಗೆ ಸ್ಮಶಾನಕ್ಕೆ ಹೋಗಿ ಸತ್ತವರಿಗಾಗಿ ಪ್ರಾರ್ಥಿಸಿದರೆ ಅದರ ಫಲ ಅವರ ಆತ್ಮಕ್ಕೆ ಸಲ್ಲುತ್ತದೆ ಎಂದು ಚರ್ಚ್ ಬೋಧಿಸುತ್ತದೆ. ಹನ್ನೊಂದಕ್ಕೆ ಸಂತ ಮಾರ್ಟಿನನ ಹಬ್ಬ. ಮಕ್ಕಳು ಕಾಗದದ ಲಾಂದ್ರ ಹಿಡಿದು ಹಾಡುತ್ತ ಬೀದಿಗಳಲ್ಲಿ ಸಾಗುತ್ತಾರೆ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಸೀಳಿ ಅರ್ಧ ಕೊಟ್ಟವನು ಈ ಮಾರ್ಟಿನ್. ತಿಂಗಳ ಕೊನೆಗೆ ಆಗಮನ ಕಾಲ ಆರಂಭವಾಗುತ್ತದೆ. ನಾಲ್ಕು ಮೇಣದ ಬತ್ತಿಗಳ ಹಸಿರು ಚಕ್ರದಲ್ಲಿ ವಾರಕ್ಕೊಂದನ್ನು ಹಚ್ಚುತ್ತ ಕ್ರಿಸ್ಮಸ್ಸಿಗೆ ಕಾಯುವ ಕಾಲ ಅದು. ನಗರಸಭೆಯ ಮುಂದೆ ಕ್ರಿಸ್ಮಸ್ ಸಂತೆ ನೆರೆಯುತ್ತದೆ. ಅದರ ಮೊದಲ ದಾಖಲೆ 1498ರದು, ಫುಗ್ಗರೈಗಿಂತಲೂ ಹಳೆಯದು.

ನಿವಾಸಿಗಳಲ್ಲಿ ಕೆಲವರು ದಿನಾ ಸಂತ ಮಾರ್ಕರ ಚರ್ಚಿಗೆ ಹೋಗುತ್ತಾರೆ, ಕೆಲವರು ಮನೆಯಲ್ಲೇ ಕೈಮುಗಿಯುತ್ತಾರೆ. ಮೂರೂ ಪ್ರಾರ್ಥನೆಗಳಿಗೆ ಸೇರಿ ಕೆಲವೇ ನಿಮಿಷ ಸಾಕು. ಯಾರು ಹೇಳಿದರು, ಯಾರು ಬಿಟ್ಟರು ಎಂದು ಆಡಳಿತ ವಿಚಾರಿಸುವುದಿಲ್ಲ, ಅದು ಅವರವರ ಆತ್ಮಸಾಕ್ಷಿಗೆ ಬಿಟ್ಟದ್ದು. ಜೀವಮಾನವೆಲ್ಲ ಕಾಸು ಕಾಸಿಗೂ ಲೆಕ್ಕವಿಟ್ಟ ವರ್ತಕನೊಬ್ಬ, ಪರಿಶೀಲಿಸಲಾಗದ ಇಂಥ ಸಲ್ಲಿಕೆಯನ್ನು ನಂಬಿ ಅಷ್ಟು ದೊಡ್ಡ ಆಸ್ತಿ ಹೂಡಿದ. ಕೇರಿಯ ಆಡಳಿತ ಈಗಲೂ ಅವನ ಅಣ್ಣ ಗೆಯೋರ್ಗನ ವಂಶಜರ ಮಂಡಳಿಯದು, ಏಕೆಂದರೆ ಯಾಕೋಬನಿಗೆ ಉತ್ತರಾಧಿಕಾರಿ ಮಕ್ಕಳಿರಲಿಲ್ಲ. 1525ರ ಡಿಸೆಂಬರ್ 30ರಂದು ಅವನು ತೀರಿಕೊಂಡ ಮೇಲೆ ಅವನ ಹೆಸರಿನಲ್ಲಿ ಪ್ರಾರ್ಥಿಸುವ ಹೊಣೆ, ದಾನಪತ್ರದಲ್ಲಿ ಬರೆದಂತೆ, ಬಾಡಿಗೆದಾರರ ಪಾಲಿಗೆ ಬಂತು.