ಸಾವಿರ ಪುಸ್ತಕ ಬರೆಸಿ ಹಂಚಿದ ಅತ್ತಿಮಬ್ಬೆ

ಮಕ್ಕಳೇ, ಅನ್ನದಾನ, ಗೋದಾನ, ಭೂದಾನ ಮಾಡಿದವರ ಕತೆಯನ್ನು ಅಜ್ಜ-ಅಜ್ಜಿಯರ ಬಾಯಲ್ಲಿ ನೀವು ಕೇಳಿರುತ್ತೀರಿ. ಇದು ಪುಸ್ತಕ ದಾನ ಮಾಡಿದ ತಾಯಿಯ ಕತೆ.

ಸಾವಿರ ವರ್ಷಗಳ ಹಿಂದೆ ಕಲ್ಯಾಣದ ಚಾಲುಕ್ಯ ದೊರೆ ತೈಲಪನ ಕಾಲದಲ್ಲಿ ನಾಗದೇವನೆಂಬ ದಂಡನಾಯಕನಿದ್ದ. ಮಲ್ಲಪಯ್ಯನ ಮಕ್ಕಳಾದ ಅತ್ತಿಮಬ್ಬೆ, ಗುಂಡಮಬ್ಬೆ ಇಬ್ಬರೂ ಆತನ ಪತ್ನಿಯರು. ನಾಗದೇವ ತೀರಿಕೊಂಡಾಗ ತಂಗಿ ಗುಂಡಮಬ್ಬೆ ಅಂದಿನ ರೂಢಿಯಂತೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕಿ ಉಳಿದಳು. ಮಗ ಅಣ್ಣಿಗದೇವನನ್ನು ಬೆಳೆಸಿದಳು. ಕೈಯಲ್ಲಿದ್ದ ಸಂಪತ್ತನ್ನು ಧರ್ಮಕ್ಕೂ ಸಾಹಿತ್ಯಕ್ಕೂ ವಿನಿಯೋಗಿಸಿದಳು.

ಮುಧೋಳದ ಬಳೆಗಾರರ ಮನೆಯ ಹುಡುಗ ರನ್ನ ಮಹಾಕವಿಯಾದಾಗ ಆತನಿಗೆ ಆಶ್ರಯ ಕೊಟ್ಟವಳು ಈಕೆ. 993ರಲ್ಲಿ ಆತ ‘ಅಜಿತಪುರಾಣ’ ಬರೆದದ್ದು ಈಕೆಗಾಗಿ. ರನ್ನ ತನ್ನ ಮಗಳಿಗೂ ಅತ್ತಿಮಬ್ಬೆ ಎಂದೇ ಹೆಸರಿಟ್ಟ.

ಇನ್ನೊಬ್ಬ ಕವಿ ಪೊನ್ನ. ಆತನ ‘ಶಾಂತಿಪುರಾಣ’ವನ್ನು ಅತ್ತಿಮಬ್ಬೆ 1000 ಪ್ರತಿ ಬರೆಸಿ ಹಂಚಿದಳು. ಆಗ ಅಚ್ಚಿನ ಯಂತ್ರ ಇರಲಿಲ್ಲ. ಯುರೋಪಿನಲ್ಲಿ ಗುಟೆನ್‌ಬರ್ಗ್ ಮುದ್ರಣ ಆರಂಭಿಸಿದ್ದು ಅದಾಗಿ ನಾನೂರಕ್ಕೂ ಹೆಚ್ಚು ವರ್ಷಗಳ ನಂತರ. ಒಣಗಿಸಿ ಹದ ಮಾಡಿದ ಓಲೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಒಂದೊಂದೇ ಅಕ್ಷರ ಕೊರೆದು, ಮಸಿ ಸವರಿ ಒರೆಸಬೇಕಿತ್ತು.

ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಲೆಕ್ಕ ಹಾಕದಿದ್ದರೆ ಸಮಾಧಾನವಿಲ್ಲ. ಒಂದು ಪ್ರತಿಗೆ ಒಂದು ತಿಂಗಳು ಎಂದಿಟ್ಟುಕೊಳ್ಳಿ. ಒಬ್ಬನೇ ಕುಳಿತು ಬರೆದರೆ ಸಾವಿರ ಪ್ರತಿಗೆ 83 ವರ್ಷ 4 ತಿಂಗಳು! ಎಷ್ಟು ಲಿಪಿಕಾರರಿಗೆ ಆಕೆ ಅನ್ನ, ಕೂಲಿ ಕೊಟ್ಟಿರಬೇಕು?

ಇಷ್ಟೊಂದು ಪ್ರತಿ ಯಾಕೆ? ಓಲೆಗರಿಗೆ ಗೆದ್ದಲು, ನೀರು, ಬೆಂಕಿ ಎಲ್ಲವೂ ಶತ್ರು. ಒಂದೇ ಪ್ರತಿ ಇದ್ದು ಅದು ಹಾಳಾದರೆ ಕಾವ್ಯವೇ ಹೋದಂತೆ. ಪೊನ್ನನದೇ ‘ಭುವನೈಕರಾಮಾಭ್ಯುದಯ’ ಇಂದು ಸಿಕ್ಕಿಲ್ಲ. ರನ್ನನ ‘ಪರಶುರಾಮಚರಿತ’ವೂ ಇಲ್ಲ. ‘ಶಾಂತಿಪುರಾಣ’ ಮಾತ್ರ ನಮ್ಮ ಕೈಗೆ ಬಂದಿದೆ. ದುಡ್ಡನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಇಡಬಾರದು ಎಂದು ನಾವು ಗ್ರಾಹಕರಿಗೆ ಹೇಳುತ್ತಿದ್ದ ಮಾತು ಪುಸ್ತಕಕ್ಕೂ ಸಲ್ಲುತ್ತದೆ.

1007ರಲ್ಲಿ ಆಕೆ ಲಕ್ಕುಂಡಿಯಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ಇಂದಿಗೂ ನಿಂತಿದೆ. ಆ ಕಾಲದಲ್ಲಿ ಬಸದಿ ಕಟ್ಟಿಸಿದರೆ ಮುಗಿಯುತ್ತಿರಲಿಲ್ಲ. ಅದಕ್ಕೆ ಹೊಲ, ತೋಟ ದತ್ತಿ ಬಿಡುವುದು ಪದ್ಧತಿ. ಅದರ ಬೆಳೆಯಿಂದ ದೀಪದ ಎಣ್ಣೆ, ಪೂಜೆ, ಮುನಿಗಳ ಆಹಾರ, ಕಟ್ಟಡದ ದುರಸ್ತಿ ಎಲ್ಲವೂ ನಡೆಯಬೇಕು. ಅಸಲು ಮುಟ್ಟದೆ ಬಡ್ಡಿಯಲ್ಲಿ ಖರ್ಚು ನಡೆಸುವ ಠೇವಣಿಯಂತೆ.

ನಮ್ಮ ಎಮ್ಮಿಗನೂರಿನಿಂದ ಹೋಗುವವರು ಕಂಪ್ಲಿ, ಹೊಸಪೇಟೆ, ಕೊಪ್ಪಳ ದಾಟಿ ಗದಗದ ದಾರಿ ಹಿಡಿಯಬೇಕು. ಗದಗ ಇನ್ನೂ ಹನ್ನೆರಡು ಕಿ.ಮೀ. ಇರುವಾಗಲೇ ಲಕ್ಕುಂಡಿ ಸಿಗುತ್ತದೆ. ಬಸದಿಯೊಳಗೆ ನಾಲ್ಕು ಮುಖದ ಬ್ರಹ್ಮನೂ ಪದ್ಮಾವತಿಯೂ ಇದ್ದಾರೆ.

ಜನ ಆಕೆಯನ್ನು ‘ದಾನಚಿಂತಾಮಣಿ’ ಎಂದು ಕರೆದರು. ಕರ್ನಾಟಕ ಸರ್ಕಾರ ಲೇಖಕಿಯರಿಗೆ ಕೊಡುವ ಒಂದು ಪ್ರಶಸ್ತಿಗೂ ಅದೇ ಹೆಸರಿದೆ. ಮಕ್ಕಳೇ, ಓದಿ ಮುಗಿಸಿದ ಒಳ್ಳೆಯ ಪುಸ್ತಕ ಮನೆಯಲ್ಲಿದ್ದರೆ ಈ ವಾರ ಒಬ್ಬ ಗೆಳೆಯನಿಗೋ ಗೆಳತಿಗೋ ಕೊಡಿ. ಸಾವಿರ ಬೇಡ, ಒಂದು ಸಾಕು.